ಮೊಗಲಾಯಿಯವರಂತ

ಈ ಪ್ರಸಂಗದಲ್ಲಿ ನನಗೆ ಪೂರ್ತಿ ಖಾತ್ರಿಯಿರುವುದು ಮಗ್ಗದ ಸದ್ದೊಂದೇ. ಉಳಿದದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ, ಮತ್ತು ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ಬಾಗಲಕೋಟೆಯ ನಮ್ಮ ಮನೆಯ ಹಿತ್ತಲಲ್ಲಿ ಬೇವಿನ ಗಿಡವಿತ್ತು, ಅದರ ನೆರಳಿನಲ್ಲೇ ನಾನು ಅಕ್ಷರ ಕಲಿತೆ ಎಂದು ವರ್ಷಗಟ್ಟಲೆ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಒಂದು ದಿನ ಅಕ್ಕ, "ಅದು ಬಾಜೂ ಮನಿಯವರ ಗಿಡಾನೋ ಮಾರಾಯಾ, ನಮ್ಮಲ್ಲಿ ಇದ್ದದ್ದು ಬಚ್ಚಲಾ" ಎಂದಳು. ಅಂದಿನಿಂದ ಕಿವಿಯಾರೆ ಕೇಳಿದ್ದನ್ನೂ ಇನ್ನೊಮ್ಮೆ ಕೇಳಿಯೇ ಬರೆದುಕೊಳ್ಳುವ ರೂಢಿ ಬಿತ್ತು. ನಾನು ಮಾಡುತ್ತಿದ್ದ ಕೆಲಸಕ್ಕೆ ಅದು ಒಳ್ಳೆಯದೇ ಆಗಿತ್ತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಎಂ.ಎ. ಮುಗಿಸಿ ಧಾರವಾಡದಲ್ಲಿ ಯುನಿವರ್ಸಿಟಿಯ ಆಡುಮಾತಿನ ಪದಸಂಗ್ರಹವೊಂದಕ್ಕೆ ಸೇರಿದ್ದೆ. ಊರೂರು ತಿರುಗುವುದು, ಜನರ ಮಾತನ್ನು ಕ್ಯಾಸೆಟ್ಟಿಗೆ ಹಿಡಿಯುವುದು, ಧಾರವಾಡಕ್ಕೆ ಮರಳಿ ಅದನ್ನು ಇದ್ದಂತೆಯೇ ಬರೆದು ತೆಗೆಯುವುದು, ಪ್ರತಿ ಶಬ್ದಕ್ಕೂ ಅರ್ಥ ಮತ್ತು ಒಂದು ಬಳಕೆಯ ವಾಕ್ಯ ಕೊಡುವುದು. ನನ್ನ ಪಾಲಿಗೆ ಬಂದ ಊರುಗಳು ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಲಕಲ್. ಆಗ ಇವೆಲ್ಲ ವಿಜಾಪುರ ಜಿಲ್ಲೆಯಲ್ಲಿದ್ದವು. ಒಂದು ಕಡೆ ಕೂತು ಕೆಲಸ ಮಾಡುವುದು ನನ್ನ ಕೈಲಾಗದ ಮಾತು, ಹಾಗಾಗಿ ಬಸ್ಸಿನಲ್ಲಿ ಬದುಕುವ ಈ ಕೆಲಸ ಹಿಡಿಸಿತ್ತು.

ನಮ್ಮ ಮುಖ್ಯಸ್ಥರು ಆ ಸಲ ನನಗೆ ಒಪ್ಪಿಸಿದ್ದು ಜನರ ಹೆಸರುಗಳ ಭಾಗ. ಒಂದು ಸೀಮೆಯವರನ್ನು ಇನ್ನೊಂದು ಸೀಮೆಯವರು ಏನೆಂದು ಕರೆಯುತ್ತಾರೆ, ಮುಖದ ಮುಂದೆ ಏನನ್ನುತ್ತಾರೆ, ಬೆನ್ನ ಹಿಂದೆ ಏನನ್ನುತ್ತಾರೆ. ಅದರಲ್ಲಿ ಮೊದಲ ದಿನವೇ ಕೈಗೆ ಸಿಕ್ಕ ಶಬ್ದ 'ಮೊಗಲಾಯಿಯವರು'.

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ನಿಜಾಮನ ರಾಜ್ಯಕ್ಕೆ ನಮ್ಮ ಕಡೆ ಮೊಗಲಾಯಿ ಎನ್ನುತ್ತಿದ್ದರು. ಇತ್ತ ಇಂಗ್ಲಿಷರ ಮುಂಬೈ ಇಲಾಖೆ, ಅತ್ತ ಮೊಗಲಾಯಿ. ಇಲಕಲ್ಲಿನಿಂದ ಮೂಡಲಿಗೆ ತುಸು ದೂರ ಹೋದರೆ ಗಡಿ. ನಿಜಾಮನ ರಾಜ್ಯ ಹೋಯಿತು, ಗಡಿಯ ಎರಡೂ ಬದಿ ಒಂದೇ ಕರ್ನಾಟಕಕ್ಕೆ ಸೇರಿದವು, ಆದರೂ ಶಬ್ದ ಮಾತ್ರ ಹೋಗಿರಲಿಲ್ಲ. 'ಮೊಗಲಾಯಿಯವ: ಹಿಂದಿನ ನಿಜಾಮ ಸೀಮೆಯವನು' ಎಂದು ಅರ್ಥ ಬರೆದು ನಾನು ಬಾದಾಮಿಯ ಬಸ್ಸು ಹತ್ತಿದೆ. ಆ ಅರ್ಥ ಬಾದಾಮಿ ಮುಟ್ಟುವವರೆಗಷ್ಟೇ ಬಾಳಿತು.

ಬಾದಾಮಿಯ ಬಸ್ ಸ್ಟ್ಯಾಂಡಿನ ಎದುರು ಒಂದು ಚಾದಂಗಡಿ. ಅದರ ಮಾಲೀಕ ಮಾತಿನ ಮಲ್ಲ. ಟೇಪು ಚಾಲೂ ಇರುವುದನ್ನು ತೋರಿಸಿಯೇ ಕೇಳಿದೆ.

"ಮೊಗಲಾಯಿಯವ್ರು ಅಂದ್ರ ಯಾರ್ರಿ?"

"ಯಾರಂದ್ರ? ಆ ಕಡಿ ಮಂದಿ." ಭಜಿ ಕರಿಯುತ್ತಿದ್ದ ಝಾರಾ ಸಟ್ಟುಗದಿಂದಲೇ ಮೂಡಲ ದಿಕ್ಕು ತೋರಿಸಿದ. "ಅಮೀನಗಡ ದಾಟಿದ್ರ ಆತು ನೋಡ್ರಿ. ಹುನಗುಂದ, ಇಲಕಲ್ಲ, ಎಲ್ಲಾ ಮೊಗಲಾಯಿನ. ಬ್ಯಾಳಿಗೂ ನೀರ ಹಾಕ್ತಾರ, ಮಾತಿಗೂ ನೀರ ಹಾಕ್ತಾರ."

"ಹುನಗುಂದ ನಿಜಾಮನ ರಾಜ್ಯದಾಗ ಇರಲಿಲ್ಲಲ್ರಿ?"

"ನಿಜಾಮಗ ಗೊತ್ತಿರಲಿಕ್ಕಿಲ್ಲ ಬಿಡ್ರಿ. ನಮಗ ಗೊತ್ತೈತಲ್ಲ."

ಬಾಗಲಕೋಟೆಯಲ್ಲಿ ಅದು ಜನರ ಹೆಸರೇ ಆಗಿರಲಿಲ್ಲ. ಸಿನಿಮಾ ಟಿಕೀಟಿನ ಕಿಟಕಿಯಲ್ಲಿ ನೂಕಾಟ ನಡೆದಾಗ ಒಬ್ಬಾತ, "ಸಾಲಿನ್ಯಾಗ ನಿಂದರ್ರಿ, ಏನ್ ಮೊಗಲಾಯಿ ಹಚ್ಚೀರಿ?" ಎಂದು ಕೂಗಿದ. ಹೇಳುವವರು ಕೇಳುವವರು ಇಲ್ಲದ ರಾಜ್ಯ ಎಂದರ್ಥ. ಆ ಕೂಗು ಕೇಳಿದ ಕೂಡಲೆ, ಸ್ನಾನಕ್ಕೆ ಬರದೆ ಓಡುತ್ತಿದ್ದ ನನ್ನನ್ನು ಅವ್ವ "ಎಲ್ಲಿ ಮೊಗಲಾಯಿಯವ ಹುಟ್ಟ್ಯಾನ ನನ್ನ ಹೊಟ್ಟ್ಯಾಗ" ಎಂದು ಬೈಯುತ್ತಿದ್ದುದು ನೆನಪಾಯಿತು. ಸಡಗರದಿಂದ ಅಕ್ಕನ ಮನೆಗೆ ಹೋಗಿ ಕೇಳಿದರೆ, "ಅವ್ವ ಹಂಗ ಯಾವಾಗ ಅಂದಾಳ? ಇದನ್ನೂ ಬೇವಿನ ಗಿಡಾ ಮಾಡಬ್ಯಾಡ" ಎಂದಳು. ಹಾಗಾಗಿ ಆ ವಾಕ್ಯವನ್ನು ನಾನು ಬಳಸಲಿಲ್ಲ. ಅವ್ವ ಅಂದದ್ದೋ, ಟೇಪುಗಳನ್ನು ಕೇಳಿ ಕೇಳಿ ನಾನೇ ಅವಳ ಬಾಯಿಗೆ ತುಂಬಿದ್ದೋ, ಇವತ್ತಿಗೂ ತಿಳಿಯದು.

ಹುನಗುಂದದಲ್ಲಿ ನಿವೃತ್ತ ಮಾಸ್ತರರೊಬ್ಬರಿಗೆ ಬಾದಾಮಿಯವರ ಮಾತು ತಿಳಿಸಿದಾಗ ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ಹುನಗುಂದ ಮೊಗಲಾಯಿ? ಯಾವಾಂವ ಅಂದಾಂವ? ಭೂಗೋಲ ಓದ್ಯಾನೇನು ಅಂವಾ?" ಆಮೇಲೆ ಸಮಾಧಾನ ಮಾಡಿಕೊಂಡು, "ಇಲಕಲ್ಲಿಂದ ಸುರು ಆಗ್ತದ ನೋಡ್ರಿ ಅದು. ನಮ್ಮ ತಾಲೂಕ ಖರೆ, ಮಂದಿ ಗುಣಾ ಬ್ಯಾರೆ" ಎಂದರು.

ಇಲಕಲ್ಲಿನಲ್ಲಿ ನನಗೆ ಉಳಿಯಲು ಕೋಣೆ ಕೊಟ್ಟವನು ಒಬ್ಬ ಸೀರೆ ವ್ಯಾಪಾರಿ. ಊರೆಲ್ಲ ಅವನನ್ನು ಸಾವ್ಕಾರ ಎನ್ನುತ್ತಿತ್ತು. ಉದಾರಿ, ನಗೆಗಾರ, ನನ್ನ ಯಂತ್ರದ ಮೇಲೆ ಭಾರಿ ಕುತೂಹಲ. ಅವನ ದನಿಯನ್ನೇ ಮೊದಲು ಹಿಡಿದೆ. "ಇಲಕಲ್ಲ ಅಂದ್ರ ಇಲಕಲ್ಲರಿ. ಮೊಗಲಾಯಿ ಹಳ್ಳದ ಆಚಿ ಕಡಿ" ಎಂದ. ಹೀಗೆ ಊರಿಂದೂರಿಗೆ ನಾನು ಹೋದಂತೆ ಮೊಗಲಾಯಿಯೂ ನನ್ನ ಮುಂದೆ ಮುಂದೆ ಹೋಗುತ್ತಿತ್ತು.

ಇದರಲ್ಲಿ ಒಂದು ತೊಡಕಿತ್ತು. ಜನರೇ ತಮ್ಮ ಬಗ್ಗೆ ಹೇಳಿಕೊಳ್ಳದ ಹೆಸರು ಜನರ ಹೆಸರಲ್ಲ, ಅದು ಬೈಗುಳದ ಭಾಗಕ್ಕೆ ಹೋಗಬೇಕು ಎಂಬುದು ನಮ್ಮ ಮುಖ್ಯಸ್ಥರ ಪಟ್ಟು. "ನಾನು ಮೊಗಲಾಯಿಯವ" ಎಂದು ತಾನೇ ಹೇಳುವ ಒಬ್ಬರಾದರೂ ನನಗೆ ಬೇಕಿತ್ತು. ಎಲ್ಲಿ ಕೇಳಿದರೂ ಜನ ಸಿಟ್ಟಾಗುತ್ತಿದ್ದರು, ಇಲ್ಲವೆ ಬೆರಳನ್ನು ಮೂಡಲಿಗೆ ಚಾಚುತ್ತಿದ್ದರು. ಸಾವ್ಕಾರನಿಗೆ ಇದನ್ನು ಹೇಳಿದೆ. ಅವನು ತೊಡೆ ತಟ್ಟಿಕೊಂಡು ಎದ್ದ.

"ಅಷ್ಟ ಹೌದಲ್ರಿ? ನಮ್ಮಲ್ಲೇ ಒಬ್ಬಾಕಿ ಅದಾಳ. ಬರ್ರಿ."

ಓಣಿಯವರು ಅವಳನ್ನು ಆಯಿ ಎನ್ನುತ್ತಿದ್ದರು. ರಜಾಕಾರರ ಗದ್ದಲದ ಕಾಲಕ್ಕೆ ಗಂಡನ ಜೊತೆ, ಬಗಲಲ್ಲಿ ಕೂಸನ್ನಿಟ್ಟುಕೊಂಡು ಗಡಿ ದಾಟಿ ಬಂದವಳು. ಗದ್ದಲ ಮುಗಿದ ಮೇಲೆ ಬಹಳ ಜನ ಮರಳಿದರು, ಇವರು ಇಲ್ಲಿಯೇ ನಿಂತರು. ಗಂಡ ಸತ್ತು ಬಹಳ ದಿನವಾಗಿತ್ತು. ಆ ಕೂಸು ಈಗ ಮೀಸೆ ಬಂದ ನೇಕಾರ, ಅವನ ಮದುವೆಯೂ ಆಗಿತ್ತು. ಮನೆ ಸಾವ್ಕಾರನದು, ಮಗ್ಗವೂ ಸಾವ್ಕಾರನದು. ನಡುಮನೆಯಲ್ಲಿ ನೆಲ ಅಗೆದು ಹೂಡಿದ ಕುಣಿಮಗ್ಗದಲ್ಲಿ ಮಗ ಕಾಲಿಳಿಬಿಟ್ಟು ಕೂತು ನೇಯುತ್ತಿದ್ದ. ಆಯಿ ಗೋಡೆಗೊರಗಿ ರಾಟಿ ತಿರುಗಿಸುತ್ತ ಕಂಡಿಕೆಗೆ ನೂಲು ಸುತ್ತುತ್ತಿದ್ದಳು.

ಯಂತ್ರ ಇಟ್ಟು, ಮೈಕನ್ನು ಆಯಿಯ ಎದುರಿಗೆ ಮಡಿಚಿದ ಟವೆಲಿನ ಮೇಲಿರಿಸಿ, ಮಗ್ಗ ತುಸು ಹೊತ್ತು ನಿಲ್ಲಿಸುತ್ತೀರಾ ಎಂದು ಕೇಳಿದೆ. ಮಗ ನಿಲ್ಲಿಸಲು ತಯಾರಿದ್ದ. ಬಾಗಿಲಲ್ಲಿ ನಿಂತಿದ್ದ ಸಾವ್ಕಾರ ಬಿಡಲಿಲ್ಲ. "ನಾಳಿಗಿ ಸೀರಿ ಹೋಗಬೇಕು. ನೀ ಹೊಡಿಯಪಾ. ಅವರದು ಮಾತಿನ ಕೆಲಸ, ನಡೀತೈತಿ."

ಮಗ್ಗದ ಹಲಗೆ ಬಡಿಯುತ್ತಲೇ ಇತ್ತು. ನಾನು ಮುಂದಕ್ಕೆ ಬಾಗಿ ಕೇಳಿದೆ.

"ಆಯಿ, ಮೊಗಲಾಯಿಯವ್ರು ಅಂದ್ರ ಯಾರು?"

"ನೀವು ಯಾ ಊರವ್ರು?"

"ಧಾರವಾಡದಿಂದ ಬಂದೀನಿ."

"ಎಲ್ಲಿಂದ ಬಂದ್ರಿ ಅಂತ ಕೇಳಲಿಲ್ಲೋ ಎಪ್ಪಾ. ಯಾ ಊರವ್ರು?"

"ಹುಟ್ಟಿದ್ದು ಬಾಗಲಕೋಟಿ. ಈಗ ಧಾರವಾಡದವ್ರು ಅಂತ ತಿಳೀರಿ."

"ತಿಳೀರಿ!" ಎಂದು ಆಯಿ ನಕ್ಕಳು. ರಾಟಿ ನಿಲ್ಲಲಿಲ್ಲ. ಆಮೇಲೆ ಹೇಳಿದಳು: "ನಾವು ಮೊಗಲಾಯಿಯವ್ರು." ಅದೇ ಗಳಿಗೆಗೆ ಹಲಗೆ ಬಡಿಯಿತು. "ಈ ಓಣ್ಯಾಗ ಯಾರನ್ನ ಬೇಕಾದ್ರ ಕೇಳ್ರಿ."

ಬಾಗಿಲಿನಿಂದ ಸಾವ್ಕಾರ, "ಸಿಕ್ತಲ್ರಿ ಸರ ನಿಮಗ!" ಎಂದ. ಆ ಮಾತೂ ಟೇಪಿನಲ್ಲಿತ್ತು.

ಧಾರವಾಡಕ್ಕೆ ಬಂದು, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಆ ವಾಕ್ಯವನ್ನು ಬರೆದು ತೆಗೆದೆ: 'ನಾವು ಮೊಗಲಾಯಿಯವ್ರು.' ಮುಖ್ಯಸ್ಥರು ಎಲ್ಲರ ಬರವಣಿಗೆಯನ್ನೂ ಟೇಪಿನೊಡನೆ ತಾಳೆ ನೋಡುತ್ತಿದ್ದರು. ಅವರು ಕಣ್ಣು ಮುಚ್ಚಿ ಕೇಳಿ, "ಇನ್ನೊಮ್ಮೆ ಹಾಕು" ಎಂದರು. ಮತ್ತೊಮ್ಮೆ ಕೇಳಿ, "ಕಡೀಕ ಏನೋ ಐತಲ್ಲಪಾ. 'ಮೊಗಲಾಯಿಯವ್ರು' ಅಲ್ಲ ಅದು. 'ಮೊಗಲಾಯಿಯವ್ರಂತ'" ಎಂದರು.

ನನಗೆ ಏನೂ ಕೇಳಿಸಲಿಲ್ಲ. ಹಲಗೆಯ ಬಡಿತ ಸರಿಯಾಗಿ ಆ ಜಾಗದಲ್ಲೇ ಬಿದ್ದಿತ್ತು. ಮರುದಿನ ಕೇಳಿದಾಗ ನನಗೆ 'ಅಂತ' ಕೇಳಿಸಿತು, ಅವರಿಗೆ ಕೇಳಿಸಲಿಲ್ಲ. ನಮ್ಮ ಕೆಲಸದಲ್ಲಿ ಇಂಥವು ಬರುತ್ತಿದ್ದವು, ಆದರೆ ಇಷ್ಟು ಕಾಡುವುದು ಇರಲಿಲ್ಲ. 'ನಾವು ಮೊಗಲಾಯಿಯವ್ರು' ಅಂದರೆ ಅದು ಅವಳ ಮಾತು, ತನ್ನ ಹೆಸರನ್ನು ತಾನು ಹೇಳಿಕೊಂಡದ್ದು. 'ಮೊಗಲಾಯಿಯವ್ರಂತ' ಅಂದರೆ ಮಾತು ಓಣಿಯವರದು. ಅವರು ಹಾಗನ್ನುತ್ತಾರೆ, ಅನ್ನಲಿ ಎಂದು ಅವಳು ನಕ್ಕದ್ದು. ಮುಂದಿನ ವಾಕ್ಯವೂ ನೆರವಿಗೆ ಬರಲಿಲ್ಲ. 'ಯಾರನ್ನ ಬೇಕಾದ್ರ ಕೇಳ್ರಿ' ಎಂಬುದು ಎರಡಕ್ಕೂ ಹೊಂದುತ್ತದೆ. ವಾಕ್ಯದ ಪಕ್ಕ ಪ್ರಶ್ನಾರ್ಥಕ ಹಾಕಿ, ಮುಂದಿನ ಸುತ್ತಿನಲ್ಲಿ ಆಯಿಯನ್ನೇ ಮತ್ತೊಮ್ಮೆ ಕೇಳಿದರಾಯಿತು ಎಂದುಕೊಂಡೆ.

ಅಷ್ಟರಲ್ಲಿ ಸಾವ್ಕಾರನ ಕಾರ್ಡು ಬಂತು. ನಿಮ್ಮ ಟೇಪು ಕೇಳಬೇಕೆಂದು ಊರ ಹಿರಿಯರಿಗೆ ಆಸೆಯಿದೆ, ಬಾಗಲಕೋಟೆಯ ಸಾಹೇಬರೊಬ್ಬರೂ ಅಂದು ಊರಲ್ಲಿರುತ್ತಾರೆ, ಯಂತ್ರ ಸಹಿತ ಬನ್ನಿ. ನನಗೆ ಹಿಗ್ಗಾಯಿತು. ನಾಲ್ಕೂ ಊರಿನ ಕ್ಯಾಸೆಟ್ಟುಗಳನ್ನು ಬಾದಾಮಿಯಿಂದ ಮೂಡಲಿಗೆ ಕ್ರಮವಾಗಿ ಜೋಡಿಸಿಕೊಂಡು, ಒಂದು ಶಬ್ದ ಊರಿಂದೂರಿಗೆ ಹೇಗೆ ಸರಿಯುತ್ತದೆ ಎಂದು ಸಣ್ಣ ಭಾಷಣ ಮಾಡುವ ತಯಾರಿಯಲ್ಲೇ ಬಸ್ಸು ಹತ್ತಿದೆ.

ನೂಲಿನ ಅಂಗಡಿಯೊಂದರ ಮೇಲಿನ ಮಾಳಿಗೆ. ಜಮಖಾನೆಯ ಮೇಲೆ ಜನ ಕಿಕ್ಕಿರಿದು ಕೂತಿದ್ದರು. ಒಂದೇ ಕುರ್ಚಿ, ಅದರಲ್ಲಿ ಸಾಹೇಬರು. ನಾನು ಮೆಟ್ಟಿಲು ಹತ್ತಿ ಬಾಗಿಲಿಗೆ ಬಂದಾಗ ಮೊದಲು ಕಂಡದ್ದು ಗೋಡೆಗೆ ಒರಗಿ ನಿಂತಿದ್ದ ಆಯಿ. ತಲೆ ಮೇಲೆ ಸೆರಗು, ಪಕ್ಕದಲ್ಲಿ ಮಗ. ಎಲ್ಲರೂ ಕೂತಿರುವಾಗ ಅವರಿಬ್ಬರೇ ಏಕೆ ನಿಂತಿದ್ದಾರೆಂದು ನನಗೆ ಹೊಳೆಯಲಿಲ್ಲ.

"ಬರ್ರಿ ಸರ, ಬರ್ರಿ," ಎಂದ ಸಾವ್ಕಾರ. "ನಿಮ್ಮ ಸಾಕ್ಷಿ ಒಂದ ಬಾಕಿ ಉಳದೈತಿ."

"ಸಾಕ್ಷಿ? ಎಂಥಾ ಸಾಕ್ಷಿ?"

ಊರ ಹೊರಗೆ ನೇಕಾರರಿಗೆ ಮನೆಯ ಜಾಗ ಹಂಚುವುದಿತ್ತು. ಅರ್ಜಿ ಆರಿಸಲು ಒಂದು ಸಮಿತಿ, ಸಾವ್ಕಾರ ಅದರ ಮುಂದಾಳು. ಆಯಿಯ ಮಗನ ಅರ್ಜಿಗೆ ಅವನದೇ ತಕರಾರು, ಅದನ್ನು ತೀರ್ಮಾನಿಸಲು ಬಂದವರು ಸಾಹೇಬರು. ಅವನು ಸಾಹೇಬರ ಕಡೆ ತಿರುಗಿ ಹೇಳಿದ: "ಜಾಗಾ ಇರೂದು ಊರವ್ರಿಗೆರಿ. ಇವರು ಮೊಗಲಾಯಿಯವ್ರು. ನಾ ಅನ್ನಾಕತ್ತಿಲ್ಲ, ಆಕಿ ತಾನಽ ಅಂದಾಳ. ಯುನಿವರ್ಸಿಟಿಯವರ ಟೇಪಿನ್ಯಾಗ ಐತಿ."

ನಾನು ಚೀಲ ಕೆಳಗಿಡುವುದನ್ನೂ ಮರೆತು ನಿಂತೇ ಇದ್ದೆ. ಶಬ್ದದ ಅರ್ಥ ಹುಡುಕಲು ಹೋದವನು ನಾನು. ಅದೇ ಶಬ್ದವನ್ನು ನನ್ನದೇ ಯಂತ್ರದೊಳಗಿಂದ ತೆಗೆದು ಒಬ್ಬಳ ಮನೆ ತಪ್ಪಿಸಲು ಬಳಸಬಹುದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಆಯಿ ನನ್ನನ್ನು ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ನನ್ನ ಚೀಲವನ್ನು.

ಮಗ ಸುಮ್ಮನಿರಲಿಲ್ಲ. "ಜಾಗಾ ಸಿಕ್ರ ನಮ್ಮ ಮಗ್ಗ ನಾವು ಹಾಕ್ಕೋತೀವಿ. ಅದಽ ಇವರ ಹೊಟ್ಟಿಬ್ಯಾನಿ. ಮೊಗಲಾಯಿ ಇಲ್ಲ, ಗಿಗಲಾಯಿ ಇಲ್ಲ."

"ಬಾಯಿ ಬಿಗಿ ಹಿಡಿಯೋ ಲೇ," ಎಂದು ಯಾರೋ ಗದರಿದರು.

"ನಾ ಟೇಪ್ ಹಾಕೂದಿಲ್ರಿ," ಎಂದೆ ನಾನು. "ಅದು ಬ್ಯಾರೆ ಕೆಲಸಕ್ಕ ಹಿಡದದ್ದು."

ಸಾವ್ಕಾರ ನಕ್ಕ. "ಬ್ಯಾಡ ಬಿಡ್ರಿ. ನಾ ಕೇಳೀನಲ್ಲ, ಬಾಗಲದಾಗ ನಿಂತು. ನಾ ಹೇಳ್ತೇನಿ."

ಸಾಹೇಬರು ಮೆಲ್ಲಗೆ ಹೇಳಿದರು: "ಹಾಕ್ರಿ, ಕೇಳೋಣ. ನೀವು ಹಾಕದಿದ್ರ ಇವರು ಹೇಳಿದ್ದಽ ಉಳೀತದ."

ಅದು ನಿಜವಾಗಿತ್ತು. ಹಾಕಿದೆ.

ಆಯಿಯ ನಗು ಬಂತು, 'ತಿಳೀರಿ!' ಬಂತು. ಜನ ಮುಂದಕ್ಕೆ ಬಾಗಿದರು. 'ನಾವು ಮೊಗಲಾಯಿಯವ್ರು', ದಡ್. ಹಿಂದಿನಿಂದ ಸಾವ್ಕಾರನ 'ಸಿಕ್ತಲ್ರಿ ಸರ ನಿಮಗ'.

"ಕೇಳಿದ್ರಿಲ್ಲೋ!" ಎಂದ ಸಾವ್ಕಾರ.

"ತಡೀರಿ ತಡೀರಿ," ಎಂದರು ಮೂಲೆಯಲ್ಲಿದ್ದ ಮುದುಕರೊಬ್ಬರು. "'ಅಂತ' ಅಂದಾಳಾಕಿ. 'ಮೊಗಲಾಯಿಯವ್ರಂತ.'"

"ಎಲ್ಲ್ಯದ 'ಅಂತ'? ನಿಮ್ಮ ಕಿವಿಯಾಗ ಐತಿ."

"ನನ್ನ ಕಿವಿ ನೆಟ್ಟಗ ಅದಾವು. ನಿನ್ನ ನೆದರ ಜಾಗಾದ ಮ್ಯಾಲೈತಿ."

ಮತ್ತೆ ಹಾಕಿ ಎಂದರು. ಹಾಕಿದೆ. ಮತ್ತೆ ಎಂದರು. ಮಾಳಿಗೆ ಎರಡು ಪಾಲಾಯಿತು, ಅರ್ಧ ಜನಕ್ಕೆ ಕೇಳಿಸಿತು, ಅರ್ಧಕ್ಕೆ ಇಲ್ಲ. ಹಿಂದೆ ಸುತ್ತಿ ಮುಂದೆ ಓಡಿಸಿ ಸೆಲ್ಲುಗಳು ಇಳಿದವು. ಆಯಿಯ ದನಿ ಗಂಡಸಿನ ದನಿಯಂತೆ ದಪ್ಪಗೆ, ನಿಧಾನವಾಗಿ ಹೊರಟಿತು. ಆ ಎಳೆತದಲ್ಲಿ ಬಡಿತಕ್ಕೆ ಮೊದಲು '...ಂತ' ಎಂದು ಏನೋ ಕೇಳಿದ ಹಾಗಾಯಿತು. ಮುದುಕರು ಜಮಖಾನೆ ಗುದ್ದಿ, "ಈಗೇನಂತೀರಿ?" ಎಂದರು. ಕೆಳಗಿನಿಂದ ಯಾರೋ ಹೊಸ ಸೆಲ್ಲು ತಂದರು. ಹಾಕಿ ನೋಡಿದರೆ ಅದು ಮತ್ತೆ ಇಲ್ಲ. ಬರೀ ದಡ್. ಅವತ್ತು ಮಗ್ಗ ನಿಲ್ಲಿಸಲು ಬಿಡದವನು ಸಾವ್ಕಾರನೇ ಎಂಬುದು ಆಗ ನೆನಪಾಯಿತು, ಆದರೆ ಅದನ್ನು ಹೇಳಿ ಏನೂ ಸಾಧಿಸುವಂತಿರಲಿಲ್ಲ.

ಸಾಹೇಬರು ನನ್ನ ಕಡೆ ತಿರುಗಿದರು. "ಯಂತ್ರ ಬಿಡ್ರಿ. ನೀವು ಆಕಿ ಎದರಿಗೇ ಕೂತಿದ್ರಿ. ಮಾತು ತಿಳಿಯೋದು ನಿಮ್ಮ ವಿದ್ಯಾ. ನಿಮಗ ಏನು ಕೇಳಿಸ್ತು?"

'ಅಂತ' ಎಂದು ನಾನು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಎರಡಕ್ಷರ. ಹೇಳಬೇಕೆಂದು ಬಾಯಿ ತೆರೆದೆ. ಆದರೆ ಆ ಮಧ್ಯಾಹ್ನವನ್ನು ನೆನೆದರೆ ನನಗೆ ಕಾಣುತ್ತಿದ್ದದ್ದು ತಿರುಗುವ ರಾಟಿ, ಕೇಳುತ್ತಿದ್ದದ್ದು ಹೆಡ್‌ಫೋನಿನ ದನಿ. ನನ್ನ ನೆನಪನ್ನು ಟೇಪು ಯಾವಾಗಲೋ ಅಳಿಸಿ ತನ್ನದನ್ನು ಬರೆದಿತ್ತು. ಇವತ್ತು ಒಳ್ಳೆಯದಕ್ಕೆಂದು ನೆನಪನ್ನು ಹುಟ್ಟಿಸಿಕೊಂಡರೆ, ಬಾಗಿಲಲ್ಲಿ ನಿಂತು ಕೇಳಿದೆ ಎನ್ನುವ ಸಾವ್ಕಾರನ ಮಾತಿಗೂ ನನ್ನದಕ್ಕೂ ಏನು ಫರಕು?

"ನನಗ ನೆನಪಿಲ್ರಿ," ಎಂದೆ.

"ಥೂ," ಎಂದ ಆಯಿಯ ಮಗ. "ಕಲತವ್ರಂತ ಇವರು! ಮನೀಗೆ ಬಂದು ನೀರ ಕುಡದು ಹೋಗ್ಯಾರ."

ಅದು ನೇರ ಬಂದು ಬಡಿಯಿತು. ಆದರೂ ನಾನು ಕೂರಲಿಲ್ಲ. ಭಾಷಣಕ್ಕೆಂದು ಜೋಡಿಸಿ ತಂದ ಕ್ಯಾಸೆಟ್ಟುಗಳು ಚೀಲದಲ್ಲಿದ್ದವು. ಜನರ ಮಾತನ್ನು ಹೀಗೆ ಬೀದಿಗೆ ತರಬಾರದೆಂದು ಈಗಷ್ಟೇ ಹಟ ಹಿಡಿದಿದ್ದವನು, ಅದನ್ನೇ ಮಾಡಲು ನಿಶ್ಚಯಿಸಿದೆ. "ಆಕಿ ಏನಂದ್ಲು ಅಂತ ನಾ ಹೇಳಲಾರೆ. ಆ ಶಬ್ದ ಏನಂತ ಹೇಳಬಲ್ಲೆ. ಇನ್ನೂ ಮೂವರ ಮಾತು ಕೇಳ್ರಿ," ಎಂದು ಬಾದಾಮಿಯದನ್ನು ಹಾಕಿದೆ.

'ಅಮೀನಗಡ ದಾಟಿದ್ರ ಆತು ನೋಡ್ರಿ. ಹುನಗುಂದ, ಇಲಕಲ್ಲ, ಎಲ್ಲಾ ಮೊಗಲಾಯಿನ.'

ಮಾಳಿಗೆಯೇ ಹಾರಿಹೋಗುವಂಥ ಗದ್ದಲ.

"ಯಾವಾಂವ ಅಂವಾ? ಎಲ್ಲಿ ಅಂಗಡಿ ಅವಂದು?"

"ಬ್ಯಾಳಿಗಿ ನೀರ ಹಾಕ್ತೀವಂತ! ಅಂವನ ಚಾದಾಗ ಹಾಲ ಐತೇನ ಕೇಳ್ರಿ!"

"ನಾವು ಮೊಗಲಾಯಿಯವ್ರೇನೋ ಲೇ?" ಎಂದು ಒಬ್ಬ ನೇರವಾಗಿ ಯಂತ್ರಕ್ಕೇ ಕೇಳಿದ.

ಹುನಗುಂದದ ಮಾಸ್ತರರದನ್ನು ಹಾಕಿದೆ. 'ಇಲಕಲ್ಲಿಂದ ಸುರು ಆಗ್ತದ.' ಅವರ ಶಿಷ್ಯರಿಬ್ಬರು ಅಲ್ಲಿಯೇ ಇದ್ದರು, ದನಿ ಗುರುತಿಸಿ ತಲೆ ಮೇಲೆ ಕೈಯಿಟ್ಟುಕೊಂಡರು. ಮೂರನೆಯದಾಗಿ ಸಾವ್ಕಾರನದೇ ದನಿ, 'ಮೊಗಲಾಯಿ ಹಳ್ಳದ ಆಚಿ ಕಡಿ.' ಗದ್ದಲ ನಗೆಗೆ ತಿರುಗಿತು. ಸಾಹೇಬರೂ ಬಾಯಿಗೆ ಕರವಸ್ತ್ರ ಹಿಡಿದಿದ್ದರು.

ಸಾವ್ಕಾರ ನಗಲಿಲ್ಲ. ಅವನು ದಡ್ಡನಾಗಿರಲಿಲ್ಲ. ನಗೆ ಇಳಿಯುವವರೆಗೆ ಕಾದು ಹೇಳಿದ: "ಛಲೋ ಆತು. ಅವರು ನಮಗಂದ್ರು, ಅದು ಅವರ ಬಾಯಿ. ನಾವು ಹಂಗ ಅಂದೀವೇನು? ಈಕಿ ಹಂಗಲ್ಲ. ತನಗ ತಾನಽ ಅಂದಾಳ. ಅದಕ್ಕೇನಂತೀರಿ?"

ನಮ್ಮ ಮುಖ್ಯಸ್ಥರ ನಿಯಮವನ್ನೇ ಅವನು ನನ್ನ ಮುಂದಿಟ್ಟಿದ್ದ. ಮಾತು ಮತ್ತೆ ಆ 'ಅಂತ'ದ ಹತ್ತಿರವೇ ಬಂದು ನಿಂತಿತು.

ಆಗ ಸಾಹೇಬರಿಗೆ, ಅಷ್ಟು ಹೊತ್ತು ನಮ್ಮಲ್ಲಿ ಯಾರಿಗೂ ಹೊಳೆಯದಿದ್ದದ್ದು ಹೊಳೆಯಿತು. "ಆಯಿ, ನೀವಽ ಹೇಳ್ರಿ. ಅವತ್ತ ಏನಂದ್ರಿ?"

ಆಯಿ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. "'ಅಂತ' ಅಂದೆನೋ ಬಿಟ್ಟೆನೋ, ನನಗ ಖಬರಿಲ್ಲೋ ಎಪ್ಪಾ. ಮಗ್ಗ ಹೊಡದಾಗ ಮಾತಾಡಿದ್ದು ಮಗ್ಗಕ್ಕಽ ಹೋಗ್ತೈತಿ. ಈಗ ಮಗ್ಗ ನಿಂತೈತಿ, ಈಗ ಕೇಳ್ರಿ." ಸೆರಗು ಸರಿಮಾಡಿಕೊಂಡಳು. "ನಾ ಮೊಗಲಾಯಿಯಾಕಿ."

ಮಗ ಅವಳ ತೋಳು ಹಿಡಿದ. "ಅವ್ವಾ!"

"ಬಿಡೋ ಲೇ. ನಾ ಮೊಗಲಾಯಿಯಾಕಿ. ಅಲ್ಲೇ ಹುಟ್ಟೀನಿ, ನಮ್ಮಪ್ಪನ ಹುಗದದ್ದು ಅಲ್ಲೇ. ಅದನ್ನ ಅನ್ನಾಕ ನನಗ್ಯಾಕ ನಾಚಿಕಿ?" ನಂತರ ಸಾವ್ಕಾರನ ಕಡೆ ತಿರುಗಿ, ಸಿಟ್ಟೇ ಇಲ್ಲದ ದನಿಯಲ್ಲಿ ಕೇಳಿದಳು: "ಸಾವ್ಕಾರ್ರ, ಗಂಡನ ಕೂಡ ಬಂದಾಗಿಂದ ನಿಮ್ಮನಿ ನೂಲು ಸುತ್ತಾಕತ್ತೀನಿ. ನಿಮ್ಮವ್ವಗ ಸುತ್ತೀನಿ, ನಿಮ್ಮ ಹೇಣತಿ ಲಗ್ನದ ಸೀರಿಗಿ ಸುತ್ತೀನಿ. ಆ ಸೀರಿ ಪ್ಯಾಟ್ಯಾಗ ಇಟ್ಟಾಗ ಏನಂತ ಮಾರ್ತೀರಿ? ಇಲಕಲ್ಲ ಸೀರಿ ಅಂತೀರೋ, ಮೊಗಲಾಯಿ ಸೀರಿ ಅಂತೀರೋ?"

ಕೆಳಗೆ ಅಂಗಡಿಯಲ್ಲಿ ತಕ್ಕಡಿಗೆ ಕಲ್ಲು ಹಾಕಿದ ಸದ್ದು ಮೇಲಿನವರೆಗೆ ಬಂತು. ನನ್ನ ಯಂತ್ರ ಚಾಲೂ ಇರಲಿಲ್ಲ. ಇಡೀ ಸುತ್ತಾಟದಲ್ಲಿ ನನಗೆ ಬೇಕಾಗಿದ್ದ ವಾಕ್ಯ ಅದೊಂದೇ, ಮತ್ತು ಅದನ್ನು ನಾನು ಹಿಡಿಯಲಿಲ್ಲ.

ಸಾಹೇಬರು ಸಮಿತಿಯ ಕಾರಕೂನನನ್ನು ಕೇಳಿದರು. "ನಿಯಮದಾಗ ಏನೈತಿ?"

"ಊರಾಗ ಇದ್ದು ನೇಕಾರಕಿ ಮಾಡೋರಿಗಿ ಅಂತ ಐತ್ರಿ."

"ಮೊಗಲಾಯಿ ಅನ್ನೋ ಶಬ್ದ?"

"ಇಲ್ರಿ."

"ಮತ್ತ ಇಷ್ಟೊತ್ತು ಏನು ಕೇಳಿದ್ವಿ ನಾವು?" ಎಂದು ಅವರು ಎದ್ದು ಚಪ್ಪಲಿ ಹುಡುಕಿದರು.

ಜಾಗ ಸಿಕ್ಕಿತು. ಅದಕ್ಕೂ ಮೊದಲು ಅವರು ಸಾವ್ಕಾರನ ಮನೆ ಬಿಡಬೇಕಾಯಿತು. ಮಗ್ಗ ಬಿಚ್ಚಿಕೊಟ್ಟು, ಸೊಸೆಯ ತವರಿನಲ್ಲಿ ಬಹಳ ದಿನ ಇರಬೇಕಾಯಿತು ಎಂದು ಆಮೇಲೆ ತಿಳಿಯಿತು. ಸಾವ್ಕಾರ ನನ್ನೊಡನೆ ಮತ್ತೆ ಮಾತಾಡಲಿಲ್ಲ. ಧಾರವಾಡದ ಆ ಟೇಪಿನವ ಉಂಡ ಮನೆಗೆ ಎರಡು ಬಗೆದ, ಶುದ್ಧ ಮೊಗಲಾಯಿಯವ, ಎಂದು ಪೇಟೆಯಲ್ಲಿ ಹೇಳಿಕೊಂಡು ತಿರುಗಿದನಂತೆ. ಶಬ್ದದ ಇನ್ನೊಂದು ಅರ್ಥ ನನ್ನ ಲೆಕ್ಕದಲ್ಲೇ ಸೇರಿತು. ಬಾದಾಮಿಯ ಚಾದಂಗಡಿಗೆ ಹೋಗಿ, ಅವನ ದನಿಯನ್ನು ಎಲ್ಲಿ ಕೇಳಿಸಿದೆನೆಂದು ಹೇಳಿದೆ. "ಜಗಳಕ್ಕ ಬಂದ್ರ ಬರಲಿ ಬಿಡ್ರಿ, ಬಂದವ್ರು ಚಾನಽ ಕುಡೀತಾರ" ಎಂದ.

ಎಂಬತ್ತರ ದಶಕದ ನಡುವೆ ಆ ಭಾಗ ಅಚ್ಚಿಗೆ ಹೋಯಿತು. ಕರಡಿನಲ್ಲಿ 'ಮೊಗಲಾಯಿಯವ' ಎಂಬಲ್ಲಿ ಬಳಕೆಯ ವಾಕ್ಯದ ಜಾಗ ಖಾಲಿ ಬಿಟ್ಟಿತ್ತು. ಟೇಪಿನಲ್ಲಿದ್ದದ್ದು ಅನುಮಾನದ್ದು, ಮಾಳಿಗೆಯಲ್ಲಿ ಆಡಿದ್ದು ಟೇಪಿನಲ್ಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ತಲೆಯೊಳಗೆ ಆ ಮೊದಲ ವಾಕ್ಯಕ್ಕೆ 'ಅಂತ' ಸ್ಪಷ್ಟವಾಗಿ, ಬಡಿತಕ್ಕೆ ಮುಂಚೆಯೇ, ಕೇಳಿಸತೊಡಗಿತ್ತು. ಅದನ್ನು ನಾನು ಬೇವಿನ ಗಿಡದ ಪಕ್ಕದಲ್ಲಿಟ್ಟೆ. ಮುಖ್ಯಸ್ಥರು, "ಆಕಿನ್ನಽ ಕೇಳಿ ಬಾ. ಅಚ್ಚು ಹಾಕಬಹುದೋ ಇಲ್ಲೋ ಅದನ್ನೂ ಕೇಳು" ಎಂದರು.

ಹೊಸ ಮನೆಗಳು ಇಲಕಲ್ಲಿನ ಮೂಡಲ ಅಂಚಿನಲ್ಲಿದ್ದವು. ಬಸ್ಸಿಳಿದು ದಾರಿ ಕೇಳಿದರೆ ಪಾನಪಟ್ಟಿಯವನು, "ಮೊಗಲಾಯ್ಯಾಗೇನ್ರಿ?" ಎಂದ. ಇಡೀ ಬಡಾವಣೆಗೇ ಆ ಹೆಸರು ಬಿದ್ದುಬಿಟ್ಟಿತ್ತು, ಅಲ್ಲಿದ್ದವರಲ್ಲಿ ಗಡಿ ದಾಟಿ ಬಂದದ್ದು ಒಂದೇ ಮನೆಯವರಾದರೂ. 

ಆಯಿಯ ಕೂದಲು ಪೂರ್ತಿ ಬಿಳಿಯಾಗಿತ್ತು, ರಾಟಿ ಅದೇ ಇತ್ತು. ನಡುಮನೆಯಲ್ಲಿ ಅವರದೇ ಕುಣಿಮಗ್ಗ. ಮಗ ಕುಣಿಯಿಂದ ಎದ್ದು ಒಳಗೆ ಊಟಕ್ಕೆ ಕೂತಿದ್ದ. ನಾನು ನನ್ನ ಗುರುತು ಹೇಳಿ, ಕರಡು ತೋರಿಸಿ, ಬಂದ ಕೆಲಸ ತಿಳಿಸಿದೆ. ಅವಳು ಆ ಹಾಳೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿ ಮರಳಿ ಕೊಟ್ಟಳು.

"ಹಾಕ್ರಿ. 'ನಾ ಮೊಗಲಾಯಿಯಾಕಿ' ಅಂತ ಹಾಕ್ರಿ. ತಪ್ಪಿಲ್ಲದಂಗ ಹಾಕ್ರಿ ಮತ್ತ."

ಸೊಸೆ ಒಳಗಿನಿಂದ ಬಂದು, ಯಾರಿವರು ಎಂಬಂತೆ ನೋಡಿದಳು. ಆಯಿ ನೂಲಿನ ಎಳೆಯನ್ನು ಕಂಡಿಕೆಗೆ ಹಚ್ಚುತ್ತ, ತಲೆ ಎತ್ತದೆಯೇ ಹೇಳಿದಳು:

"ಧಾರವಾಡದವ್ರಂತ. ಚಾ ಇಡು."

ಮಗ್ಗ ನಿಂತಿತ್ತು. ಕೊನೆಯ ಅಕ್ಷರದವರೆಗೂ ಕೇಳಿಸಿತು.